ಪಶ್ಚಿಮದ ಗೋಡೆಯ ಕಿಟಕಿಗಳ ರಿಪೇರಿ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ ಪಶ್ಚಿಮದ ಗೋಡೆಯಲ್ಲಿ ನಾಲ್ಕು ಕಿಟಕಿಗಳಿವೆ. ನಾಲ್ಕೂ ತೇಗದವು. ಹೊರಕ್ಕೆ ತೆರೆಯುವ ಜೋಡಿ ಬಾಗಿಲು, ಒಂದೊಂದು ಬಾಗಿಲಿಗೆ ಮೂರು ಗಾಜು, ಒಳಗಡೆ ಕಬ್ಬಿಣದ ಸರಳು. ಪೂರ್ವದ ಗೋಡೆಯಲ್ಲೂ ಇಂಥವೇ ಕಿಟಕಿಗಳಿವೆ. ಅದೇ ಕೈ ಮಾಡಿದ್ದು, ಅದೇ ಮರ, ಅದೇ ವಯಸ್ಸು. ಅವಕ್ಕೆ ಇವತ್ತಿಗೂ ಏನೂ ಆಗಿಲ್ಲ. ಪಶ್ಚಿಮದವು ಮಾತ್ರ ಕೆಳಗಿನಿಂದ ಕೊಳೆಯುತ್ತಾ ಬಂದಿದ್ದವು. ಎರಡು ಗಾಜು ಹೋಗಿ ಆ ಜಾಗಕ್ಕೆ ರಟ್ಟು ಬಂದಿತ್ತು. ಒಂದು ಬಾಗಿಲು ಜೋತುಬಿದ್ದು ಚಿಲಕ ಕೂರುತ್ತಿರಲಿಲ್ಲ.

ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಕಿತ್ತು ಹಾಕಿ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಕಿಟಕಿ) ಹಾಕಿಸಿ, ಆಮೇಲೆ ತಲೆನೋವಿಲ್ಲ. ಹೊಸ ಮನೆ ಕಟ್ಟುವವರಿಗೆ ಆ ಮಾತು ಸರಿಯೇ. ಚೆನ್ನಾಗಿ ಕೂರಿಸಿದ ಯುಪಿವಿಸಿ ಕಿಟಕಿ ಮಳೆ, ಧೂಳು ಎರಡನ್ನೂ ತಡೆಯುತ್ತದೆ. ಆದರೆ ನಮ್ಮ ಕಿಟಕಿಯಲ್ಲಿ ಹಾಳಾಗಿದ್ದು ಎಷ್ಟು? ಕೆಳಗಿನ ಅಡ್ಡಪಟ್ಟಿ, ಅದರ ಮೂಲೆಗಳು, ಗಾಜಿನ ಅಂಚಿಗೆ ಮೆತ್ತಿದ ಪುಟ್ಟಿ, ಬಣ್ಣ. ಉಳಿದದ್ದೆಲ್ಲ ಚೇಗಿನ ತೇಗ, ಅಂದರೆ ಮರದ ಗಟ್ಟಿ ಒಳಭಾಗ. ಅಷ್ಟು ಹಳೇ, ಅಷ್ಟು ಒಣಗಿದ ಮರ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಗೇಣುದ್ದದ ಕೊಳೆತಕ್ಕೆ ಇಡೀ ಕಿಟಕಿ ಎಸೆಯಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ ಈ ಥರದ ಕಿಟಕಿಯ ಪ್ರತಿ ಭಾಗವನ್ನೂ ಬಿಚ್ಚಬಹುದು, ಊರಲ್ಲೇ ಸಿಗುವ ಸಾಮಾನಿನಿಂದ ಸರಿಮಾಡಬಹುದು. ಅದು ದೊಡ್ಡ ಗುಣ.

ಹಾಗಾಗಿ ಅಡಿಕೆ ಕೊಯ್ಲು ಮುಗಿದ ಮೇಲೆ ಕೆಲಸ ಶುರು ಮಾಡಿದೆ. ಮೃಗಶಿರ ಮಳೆ ಹಿಡಿಯುವುದು ಜೂನ್ ಮೊದಲ ವಾರದ ಹೊತ್ತಿಗೆ. ಅದಕ್ಕೆ ಮುಂಚೆ ಬಣ್ಣ ಒಣಗಿರಬೇಕು. ಫೆಬ್ರವರಿ, ಮಾರ್ಚ್ ಬಿಟ್ಟರೆ ನಮ್ಮ ಕಡೆ ಈ ಕೆಲಸಕ್ಕೆ ಬೇರೆ ಕಾಲವಿಲ್ಲ.

ನೀರು ಎಲ್ಲಿಂದ ಬರುತ್ತಿತ್ತು

ಉಳಿ ಹಿಡಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಇಲ್ಲದಿದ್ದರೆ ಹೊಸ ಮರವೂ ಹಳೇ ಮರದ ದಾರಿಯನ್ನೇ ಹಿಡಿಯುತ್ತದೆ.

ನಮ್ಮಲ್ಲಿ ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಪಶ್ಚಿಮದಿಂದ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಗಾಳಿ ಸೇರಿದ ಮಳೆ ಅದೇ. ಸೂರಿನ ಕೆಳಗೆ ನುಗ್ಗಿ ಗೋಡೆಗೆ ಅಡ್ಡಡ್ಡ ಹೊಡೆಯುತ್ತದೆ. ಹಿಂದೆ ಮಳೆಗಾಲಕ್ಕೆ ಮುಂಚೆ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಪ್ಪಯ್ಯನ ಕಾಲದವರೆಗೂ ಅದು ನಡೆದಿತ್ತು. ಆಮೇಲೆ ಕಟ್ಟುವವರು ಸಿಗಲಿಲ್ಲ, ತಟ್ಟಿ ನಿಂತಿತು. ಕಿಟಕಿ ಕೊಳೆಯಲು ಶುರುವಾದದ್ದು ಅದಾದ ಮೇಲೆ.

ಮರ ನೆನೆದರೇ ಕೊಳೆಯುತ್ತದೆ ಅಂತಲ್ಲ. ನೆನೆದು ಬೇಗ ಒಣಗಿದರೆ ಅದಕ್ಕೇನೂ ಆಗುವುದಿಲ್ಲ. ಕೊಳೆಸುವುದು ಶಿಲೀಂಧ್ರ. ಮರದ ತೇವಾಂಶ 20 ಶೇಕಡಾಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಅದಕ್ಕಿಂತ ಮೇಲೆ ವಾರಗಟ್ಟಲೆ ನಿಂತರೆ ಮರವನ್ನು ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಹುಡುಕಬೇಕಾದ್ದು ನೀರು ಒಳಗೆ ಹೋಗಿ ಹೊರಬರಲಾಗದೆ ಕೂರುವ ಜಾಗವನ್ನು.

ಅದು ಸಿಕ್ಕಿದ್ದು ಗಾಜಿನ ಕೆಳಗಿನ ಅಂಚಿನಲ್ಲಿ. ಹಳೇ ಪುಟ್ಟಿ ಒಣಗಿ ಗಾಜಿನಿಂದ ಕೂದಲೆಳೆಯಷ್ಟು ಬಿಟ್ಟಿತ್ತು. ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಅಷ್ಟು ಸಣ್ಣ ಸಂದೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಗಾಜಿನ ಮೇಲೆ ಹರಿದು ಬಂದ ನೀರೆಲ್ಲ ಅಲ್ಲಿ ಇಳಿದು ಅಡ್ಡಪಟ್ಟಿಯ ಮೇಲೆ ನಿಲ್ಲುತ್ತಿತ್ತು. ಹೊರಗಿನ ಬಣ್ಣ ಇನ್ನೂ ಹಿಡಿದುಕೊಂಡಿದ್ದರಿಂದ ಆ ನೀರಿಗೆ ಆರಿ ಹೋಗಲು ದಾರಿ ಇರಲಿಲ್ಲ. ಹೊರಗಿನಿಂದ ನೋಡಿದರೆ ಪಟ್ಟಿ ಗಟ್ಟಿಯಾಗೇ ಕಾಣುತ್ತಿತ್ತು.

ದಬ್ಬಣ ತಗೊಂಡು ಪ್ರತಿ ಪಟ್ಟಿಗೂ ಒಂದೊಂದು ಇಂಚಿಗೆ ಚುಚ್ಚುತ್ತಾ ಹೋದೆ. ಗಟ್ಟಿ ತೇಗಕ್ಕೆ ಮೊನೆ ಸ್ವಲ್ಪ ಇಳಿದು ನಿಲ್ಲುತ್ತದೆ. ಕೊಳೆತ ಕಡೆ ಒತ್ತಿದ ಕೂಡಲೇ ಅರ್ಧ ಇಂಚು ಒಳಗೆ. ಚುಚ್ಚಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎಂಟು ಬಾಗಿಲುಗಳಲ್ಲಿ ಐದರ ಕೆಳಪಟ್ಟಿ ಸ್ವಲ್ಪವಾದರೂ ಹೋಗಿತ್ತು. ಮೇಲಿನ ಪಟ್ಟಿ ಒಂದೂ ಹೋಗಿರಲಿಲ್ಲ. ಹೋಗಿದ್ದ ಕಡೆ ಮರ ನೋಡಿದರೆ ಹೆಚ್ಚಿನವು ಚೇಗಿನ ಹೊರಗಿನ ಬಿಳಿ ಭಾಗ. ತೇಗ ಕೊಳೆಯಲ್ಲ ಅನ್ನುವ ಮಾತು ಚೇಗಿಗೆ ಮಾತ್ರ. ಬಿಳಿ ಭಾಗ ಮಾಮೂಲಿ ಕಾಡುಮರದಷ್ಟೇ ಬೇಗ ಹೋಗುತ್ತದೆ.

ಬಾಗಿಲು ಇಳಿಸಿ ಹಳೇ ಪುಟ್ಟಿ ಬಿಡಿಸಿದ್ದು

ಬಾಗಿಲನ್ನು ಚೌಕಟ್ಟಿನಲ್ಲೇ ಇಟ್ಟು ಕೆಲಸ ಮಾಡಬಹುದು, ಆದರೆ ಇಳಿಸಿ ಮೇಜಿನ ಮೇಲೆ ಮಲಗಿಸಿಕೊಂಡರೆ ಪುಟ್ಟಿ ಕೆಲಸ ಚೊಕ್ಕಟವಾಗುತ್ತದೆ. ಹಿಂಜಸ್‌ನ ಸ್ಕ್ರೂ ತಲೆಯಲ್ಲಿ ಹತ್ತಾರು ವರ್ಷದ ಬಣ್ಣ ತುಂಬಿರುತ್ತದೆ. ಮೊದಲು ಆ ಗೀರನ್ನು ಹರಿತ ಮೊನೆಯಿಂದ ಪೂರ್ತಿ ಕೆದಕಬೇಕು. ಆಮೇಲೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು ಹಿಂದೆ ಸುತ್ತಿಗೆಯಿಂದ ಒಂದು ಪೆಟ್ಟು. ಅದಕ್ಕೂ ಬರದಿದ್ದರೆ ಸಾಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಹಿಡಿಯಿರಿ. ಕಬ್ಬಿಣ ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ.

ಇಳಿಸಿದ ಪ್ರತಿ ಬಾಗಿಲಿಗೂ ಗುರುತು ಹಾಕಲೇಬೇಕು. ಕೈಯಲ್ಲಿ ಮಾಡಿದ ಕಿಟಕಿಗಳಲ್ಲಿ ಒಂದರ ಬಾಗಿಲು ಇನ್ನೊಂದಕ್ಕೆ ಕೂರುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹಳೇ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ತುಂಬಾ ಜಾಸ್ತಿ. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಕಡ್ಡಾಯವಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದೆ ಬಳಿದ ಬಣ್ಣ ಅಂದರೆ ಸೀಸ ಇದೆ ಅಂತಲೇ ಲೆಕ್ಕ ಹಾಕಿಕೊಂಡು ಕೆಲಸ ಮಾಡುವುದು ಒಳ್ಳೇದು. ಒಣ ಸ್ಯಾಂಡಿಂಗ್ ಬೇಡ, ಬಣ್ಣವನ್ನು ಬೆಂಕಿಯಿಂದ ಸುಡುವುದಂತೂ ಬೇಡವೇ ಬೇಡ. ನಾನು ನೀರು ಚಿಮುಕಿಸಿಕೊಂಡು ಒದ್ದೆ ಮಾಡಿಯೇ ಕೆರೆದೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿದ್ದೆ. ಮುಖಕ್ಕೆ ಎನ್95 ಮಾಸ್ಕ್. ಉದುರಿದ ಚೂರನ್ನೆಲ್ಲ ಆಗಾಗ ಚೀಲಕ್ಕೆ ತುಂಬಿ ಕಟ್ಟಿದೆ. ಅಂಗಳದಲ್ಲಿ ಮಕ್ಕಳು ಆಡುತ್ತವೆ, ಅಲ್ವಾ? ಅಣ್ಣನ ಮಗಳು ಇನ್ನೂ ಅಂಬೆಗಾಲಿಡುವವಳು. ಈ ಕೆಲಸ ಮುಗಿಯುವವರೆಗೂ ಅತ್ತಿಗೆ ಅವಳನ್ನು ಹಿತ್ತಲ ಕಡೆಯೇ ಇಟ್ಟುಕೊಂಡಿದ್ದರು.

ಪುಟ್ಟಿ ಬಿಡಿಸುವಾಗ ತಾಳ್ಮೆ ಬೇಕು. ಸಡಿಲವಾಗಿದ್ದ ಕಡೆ ಉಳಿಯ ಮೊನೆ ತಾಗಿಸಿದರೆ ಉದ್ದುದ್ದ ಕಡ್ಡಿಯಾಗಿ ಎದ್ದು ಬರುತ್ತದೆ. ಆದರೆ ಮೇಲಿನ ಅಂಚಿನ ಪುಟ್ಟಿ ಕಲ್ಲಾಗಿತ್ತು. ಅಲ್ಲಿ ಉಳಿ ಬಡಿದರೆ ಗಾಜೂ ಹೋಗುತ್ತದೆ, ಮರವೂ ಸಿಬಿರೇಳುತ್ತದೆ. ಹಾಗಾಗಿ ಸಾಲ್ಡರಿಂಗ್ ಐರನ್ನನ್ನೇ ಪುಟ್ಟಿಯ ಮೇಲೆ ನಿಧಾನಕ್ಕೆ ಎಳೆದು ಬಿಸಿ ಮಾಡಿದೆ. ಬಿಸಿಗೆ ಹಳೇ ಅಗಸೆ ಎಣ್ಣೆ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಹಳೇ ಚೂರಿಯಿಂದ ಎಬ್ಬಿಸಬೇಕು. ಬಣ್ಣ ಸುಟ್ಟ ವಾಸನೆ ಬಂತೆಂದರೆ ಬಿಸಿ ಜಾಸ್ತಿಯಾಯಿತು ಅಂತ ಅರ್ಥ, ಕೂಡಲೇ ತೆಗೆಯಬೇಕು. ಈ ಕೆಲಸ ಜಗಲಿಯ ಹೊರಗೆ, ಗಾಳಿ ಆಡುವ ಕಡೆ ಮಾತ್ರ. ಹೀಗೆ ಮಾಡಿದ್ದರಿಂದ ಹಳೇ ಗಾಜು ಬಹುತೇಕ ಉಳಿಯಿತು.

ಒಡೆದ ಗಾಜು ತೆಗೆಯುವ ಮೊದಲು ಅದರ ಮೇಲೆ ಅಗಲದ ಪ್ಲಾಸ್ಟಿಕ್ ಟೇಪು ಅಡ್ಡ ಉದ್ದ ಅಂಟಿಸಿ. ಚೂರುಗಳು ಒಟ್ಟಿಗೇ ಬರುತ್ತವೆ. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಎರಡೂ ಇರಲಿ.

ಮರಕ್ಕೆ ಮರ

ಕೊಳೆತ ಜಾಗಕ್ಕೆ ಸುಮ್ನೆ ಎಂ-ಸೀಲ್ ಮೆತ್ತಿ ಬಣ್ಣ ಬಳಿಯುವುದು ಎಲ್ಲ ಕಡೆ ಕಾಣುವ ರಿಪೇರಿ. ಅದು ಒಂದೆರಡು ಮಳೆಗಾಲ ಬಂದರೆ ಹೆಚ್ಚು. ಕೊಳೆತ ಮರದ ಮೇಲೆ ಏನು ಮೆತ್ತಿದರೂ ಅದಕ್ಕೆ ಹಿಡಿತವಿಲ್ಲ. ಮರ ಹಿಗ್ಗಿ ಕುಗ್ಗುತ್ತದೆ, ಮೆತ್ತಿದ್ದು ಜಗ್ಗುವುದಿಲ್ಲ. ಸಂದು ಬಿಡುತ್ತದೆ, ನೀರು ಮತ್ತೆ ಒಳಗೆ.

ನಮ್ಮೂರ ಬಡಗಿ ಆಚಾರ್ರ ಹತ್ತಿರ ಕೂತು ಇದನ್ನು ಕೇಳಿದೆ. ಎಂಬತ್ತರ ಹತ್ತಿರದ ವಯಸ್ಸು, ಈಗ ದೊಡ್ಡ ಕೆಲಸ ಹಿಡಿಯುವುದಿಲ್ಲ. ಪಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಿದವರೇ, “ಕೊಳೆತದ್ದನ್ನ ಬಿಟ್ಟು ಇನ್ನೂ ಎರಡು ಇಂಚು ಒಳ್ಳೇ ಮರ ಕಡೀರಿ ಮಾರಾಯ್ರೆ. ಆಸೆ ಮಾಡಿ ಉಳಿಸಿದ್ರೆ ಅಲ್ಲಿಂದಲೇ ಮತ್ತೆ ಹಿಡಿಯುತ್ತೆ” ಅಂದರು. ಇನ್ನೊಂದು ಮಾತೂ ಹೇಳಿದರು. “ಜೋಡಣೆಯ ಗೆರೆ ಯಾವಾಗ್ಲೂ ಹೊರಗೆ ಇಳಿಜಾರಾಗಿರಲಿ. ನೀರು ಅದರ ಮೇಲೆ ನಿಲ್ಲಬಾರದು, ಜಾರಿ ಹೋಗಬೇಕು.”

ಇದನ್ನು ಎರಡನೇ ಕಿಟಕಿಯ ಎಡ ಬಾಗಿಲಿನಲ್ಲಿ ಹೇಗೆ ಮಾಡಿದೆ ಅಂತ ಬಿಡಿಸಿ ಹೇಳುತ್ತೇನೆ, ಉಳಿದವೂ ಹಾಗೇ. ಕೆಳಪಟ್ಟಿಯ ಬಲ ತುದಿ ಸುಮಾರು ಆರು ಇಂಚು ಹೋಗಿತ್ತು. ಅದರ ಜೊತೆ ನಿಲುವುಪಟ್ಟಿಯ ಕೆಳ ತುದಿಯೂ ಸ್ವಲ್ಪ. ಹಳೇ ಕೆಲಸದಲ್ಲಿ ಪಟ್ಟಿಗಳನ್ನು ಒಂದರೊಳಗೊಂದು ತೂರಿಸಿ ಬಿದಿರಿನ ಮೊಳೆ ಬಡಿದಿರುತ್ತಾರೆ. ಆ ಮೊಳೆಯನ್ನು ಹಿಂದಿನಿಂದ ಸಣ್ಣ ಕಬ್ಬಿಣದ ಕಡ್ಡಿಯಲ್ಲಿ ಬಡಿದು ಹೊರಗೆ ತೆಗೆದೆ. ಸಂದಿಗೆ ಅಂಟು ಹಾಕಿರಲಿಲ್ಲ. ಮೂಲೆ ಸಲೀಸಾಗಿ ಬಿಚ್ಚಿಕೊಂಡಿತು. ಅರವತ್ತು ವರ್ಷದ ಮೇಲೂ ಬಿಚ್ಚಿ ಮತ್ತೆ ಕಟ್ಟಬಹುದಾದ ಕೆಲಸ ಅದು. ಮಾಡಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಒಳ್ಳೇ ಮರ ಸಿಗುವವರೆಗೆ ಪಟ್ಟಿಯನ್ನು ಓರೆಯಾಗಿ ಕೊಯ್ದೆ. ಓರೆಯ ಉದ್ದ ಪಟ್ಟಿಯ ದಪ್ಪದ ನಾಲ್ಕು ಪಟ್ಟು ಇಟ್ಟುಕೊಂಡೆ. ನೇರವಾಗಿ ಕೊಯ್ದು ತುದಿಗೆ ತುದಿ ಅಂಟಿಸಿದರೆ ಅಂಟು ಹಿಡಿಯುವುದಿಲ್ಲ, ಮರದ ತುದಿ ಅಂಟನ್ನು ಹೀರಿಬಿಡುತ್ತದೆ. ಓರೆಯಲ್ಲಿ ಕೊಯ್ದಾಗ ಮರದ ಎಳೆಗೆ ಎಳೆ ಸೇರುತ್ತದೆ. ಹೊಸ ತುಂಡಿಗೆ ಅಟ್ಟದಲ್ಲಿದ್ದ ಹಳೇ ಬಾಗಿಲ ಪಟ್ಟಿಯ ತೇಗವನ್ನೇ ಬಳಸಿದೆ. ಹೊಸ ಹಸಿ ಮರ ಹಾಕಿದರೆ ಅದು ಒಣಗುತ್ತಾ ಕುಗ್ಗಿ ಸಂದು ಬಿಡುತ್ತದೆ. ಎಳೆಯ ದಿಕ್ಕು ಎರಡರಲ್ಲೂ ಒಂದೇ ಇರುವಂತೆ ನೋಡಿಕೊಂಡೆ. ಎರಡೂ ಮುಖಕ್ಕೆ ತೋಪಡ (ಉಜ್ಜುಗೊರಡು) ಹಾಕಿ, ಬೆಳಕಿಗೆ ಹಿಡಿದು, ಸಂದಿನಲ್ಲಿ ಬೆಳಕು ಕಾಣದವರೆಗೆ ಕೂರಿಸಿದೆ.

ಅಂಟಿಗೆ ಎಪಾಕ್ಸಿ, ಅಂದರೆ ಅರಾಲ್ಡೈಟ್ ಥರದ ಎರಡು ಟ್ಯೂಬಿನದ್ದು. ನಿಧಾನಕ್ಕೆ ಗಟ್ಟಿಯಾಗುವ ಬಗೆಯನ್ನೇ ತಗೊಳ್ಳಿ. ಐದು ನಿಮಿಷದಲ್ಲಿ ಹಿಡಿಯುವುದು ನೀರಿಗೆ ಅಷ್ಟು ತಡೆಯುವುದಿಲ್ಲ. ಮಾಮೂಲಿ ಬಿಳಿ ಫೆವಿಕಾಲ್ ಕಿಟಕಿಗೆ ಬೇಡ, ಒದ್ದೆಯಾದರೆ ಮೆತ್ತಗಾಗುತ್ತದೆ. ನೀರಿಗೆ ತಡೆಯುವ ಬಗೆಯೇ ಬೇಕು. ಅಂಟು ಹಾಕಿ, ಕ್ಲಾಂಪ್ ಬಿಗಿದು, ಒಂದು ರಾತ್ರಿ ಪೂರ್ತಿ ಬಿಟ್ಟೆ. ಮರುದಿನ ಮೂಲೆಯನ್ನು ಮತ್ತೆ ತೂರಿಸಿ ಹೊಸ ಬಿದಿರಿನ ಮೊಳೆ ಬಡಿದೆ. ಬಡಿಯುವ ಮೊದಲು ಎರಡೂ ಕರ್ಣ ಅಳೆದು ನೋಡಬೇಕು. ಎರಡೂ ಒಂದೇ ಬಂದರೆ ಬಾಗಿಲು ಚೌಕವಾಗಿದೆ.

ಕೆಳಪಟ್ಟಿಯ ಅಡಿಯಲ್ಲಿ, ಹೊರ ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಕಾಲು ಇಂಚಿನ ಒಂದು ಕಾಲುವೆ ತೆಗೆದೆ. ಹಳೇ ಬಾಗಿಲಿನಲ್ಲಿ ಅದು ಇರಲಿಲ್ಲ. ನೀರು ಪಟ್ಟಿಯ ಕೆಳಗಿನ ಮುಖವನ್ನು ಹಿಡಿದುಕೊಂಡು ಒಳಗೆ ಹರಿಯುವ ಸ್ವಭಾವದ್ದು. ಆ ಕಾಲುವೆ ಸಿಕ್ಕ ಕೂಡಲೇ ಮುಂದೆ ಹೋಗಲಾಗದೆ ಹನಿಯಾಗಿ ಕೆಳಗೆ ಬೀಳುತ್ತದೆ. ಕಿಟಕಿಯ ಮೇಲಿನ ಕಾಂಕ್ರೀಟ್ ಸಜ್ಜದ ಅಡಿಯಲ್ಲಿ ಗಾರೆಯವರು ಬಿಡುವ ಗೆರೆಯೂ ಇದೇ ಕೆಲಸಕ್ಕೆ. ಇಡೀ ರಿಪೇರಿಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಕಾಲುವೆ ಅಂತ ನನ್ನ ನಂಬಿಕೆ.

ಗಾಜು

ಹಳೇ ಗಾಜಿನ ಮೂಲಕ ನೋಡಿದರೆ ಹೊರಗಿನ ಅಡಿಕೆ ಮರಗಳು ಸಣ್ಣಗೆ ಅಲುಗಿದಂತೆ ಕಾಣುತ್ತವೆ. ಅದಕ್ಕೆ ಕಾರಣ ಆ ಗಾಜು ಮಾಡಿದ ರೀತಿ. ಆಗ ಕರಗಿದ ಗಾಜನ್ನು ಹಾಳೆಯಾಗಿ ಮೇಲಕ್ಕೆ ಎಳೆದು ತಣಿಸುತ್ತಿದ್ದರು, ಹಾಗಾಗಿ ಮೈ ಪೂರ್ತಿ ಸಪಾಟಾಗುತ್ತಿರಲಿಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟು ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ನಮ್ಮ ದೇಶದಲ್ಲಿ ಫ್ಲೋಟ್ ಗಾಜು ತಯಾರಾಗಲು ಶುರುವಾದದ್ದು 1990ರ ದಶಕದಲ್ಲಿ. ಗಾಜು ಕಾಲಕಾಲಕ್ಕೆ ಕೆಳಗೆ ಹರಿದು ಹೀಗಾಗುತ್ತದೆ ಅಂತ ಹೇಳುವವರಿದ್ದಾರೆ. ಅದು ನಿಜವಲ್ಲ. ಕಿಟಕಿಯ ಗಾಜು ಹರಿಯುವುದಿಲ್ಲ, ಹುಟ್ಟಿದಾಗಲೇ ಅದು ಹಾಗಿತ್ತು. ನನಗೆ ಆ ಅಲೆ ಇಷ್ಟ. ಒಡೆಯದ ಒಂದು ಗಾಜನ್ನೂ ಬದಲಾಯಿಸಲಿಲ್ಲ.

ಹೊಸದು ಎಷ್ಟು ದಪ್ಪ ಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು, ಒಂದು ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ನಮ್ಮ ಗಾಜು 10 ಇಂಚು ಅಗಲ, 14 ಇಂಚು ಎತ್ತರ. 3 ಎಂಎಂ ಹಾಕಿದರೆ ಒಂದು ಬಾಗಿಲಿನ ಮೂರು ಗಾಜಿಗೆ ಸುಮಾರು 2 ಕೆಜಿ. 5 ಎಂಎಂ ಹಾಕಿದರೆ 3.4 ಕೆಜಿ. ಅಂಗಡಿಯಲ್ಲಿ ಐದರದ್ದೇ ಹಾಕಿ ಅಂತ ಒತ್ತಾಯ ಮಾಡಿದರು. ಅಷ್ಟು ಭಾರಕ್ಕೆ ಹಳೇ ಹಿಂಜಸ್ ಜಗ್ಗುತ್ತದೆ. ಅದಕ್ಕಿಂತ ಮುಖ್ಯ, ಗಾಜು ಕೂರಲು ಪಟ್ಟಿಯಲ್ಲಿ ತೆಗೆದ ಮೆಟ್ಟಿಲು, ಆಚಾರ್ರ ಮಾತಲ್ಲಿ ರಿಬೇಟು, ಅದರ ಆಳ ಅರ್ಧ ಇಂಚು ಮಾತ್ರ. ಗಾಜು ದಪ್ಪವಾದಷ್ಟೂ ಪುಟ್ಟಿಗೆ ಜಾಗ ಕಡಿಮೆ. ನಾನು 4 ಎಂಎಂಗೆ ನಿಂತೆ.

ಅಳತೆ ಕೊಡುವಾಗ ರಿಬೇಟಿನ ಒಳಗಿನ ಅಳತೆಗಿಂತ ಎತ್ತರ, ಅಗಲ ಎರಡರಲ್ಲೂ 3 ಎಂಎಂ ಕಡಿಮೆ ಕೊಡಿ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಗಾಜು ಯಾರೂ ಮುಟ್ಟದೆಯೇ ಮೂಲೆಯಿಂದ ಸೀಳುತ್ತದೆ. ಬಾಗಿಲು ಚೌಕವಾಗಿಲ್ಲ ಅನ್ನಿಸಿದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅಂಗಡಿಗೆ ಒಯ್ಯಿರಿ.

ಒಂದು ಗಾಜನ್ನು ಮನೆಯಲ್ಲೇ ಕತ್ತರಿಸಿದೆ. ಅಟ್ಟದಲ್ಲಿ ಹಳೇ ಫೋಟೋ ಫ್ರೇಮಿನ ದೊಡ್ಡ ಗಾಜಿತ್ತು, ಅದೂ ಅದೇ ಅಲೆಯ ಗಾಜು. ಸಮತಟ್ಟಾದ ಹಲಗೆಯ ಮೇಲೆ ಕಂಬಳಿ, ಅದರ ಮೇಲೆ ಗಾಜು. ಕಟರಿನ ಗಾಲಿಗೆ ಒಂದು ಹನಿ ಸೀಮೆಎಣ್ಣೆ. ಪಟ್ಟಿ ಹಿಡಿದು, ಆಚೆಯ ಅಂಚಿನಿಂದ ಈಚೆಯ ಅಂಚಿನವರೆಗೆ ನಿಲ್ಲಿಸದೆ ಒಂದೇ ಎಳೆತ. ಸರ್ ಅಂತ ಒಂದೇ ಸಮನೆ ಸದ್ದು ಬರಬೇಕು. ಸದ್ದು ಬರದ ಕಡೆ ಗೀರು ಬಿದ್ದಿಲ್ಲ. ಹಾಗಂತ ಅದೇ ಗೀರಿನ ಮೇಲೆ ಎರಡನೇ ಸಲ ಎಳೆಯಬಾರದು, ಗಾಜು ಅಡ್ಡ ಒಡೆಯುತ್ತದೆ, ಗಾಲಿಯೂ ಹಾಳು. ಎಳೆದ ಕೂಡಲೇ ಗೀರಿನ ಕೆಳಗೆ ತೆಳ್ಳನೆ ಕಡ್ಡಿ ಇಟ್ಟು ಎರಡೂ ಕಡೆ ಅಂಗೈಯಿಂದ ಒತ್ತಬೇಕು. ಅಂಚನ್ನು ಸಾಣೆಕಲ್ಲಿಗೆ ನೀರು ಹಾಕಿ ಉಜ್ಜಿ ಹರಿತ ಮುರಿದೆ.

ಬಚ್ಚಲುಮನೆ, ಬಾಗಿಲ ಪಕ್ಕ, ನೆಲದ ಹತ್ತಿರ, ಇಂಥ ಕಡೆ ಮಾತ್ರ ಈ ಸಾದಾ ಗಾಜು ಬೇಡ. ಅಲ್ಲಿಗೆ ಟಫನ್ ಮಾಡಿದ ಗಾಜು ಹಾಕಿಸಿ. ಅದು ಒಡೆದರೆ ಮೊಂಡು ಹರಳುಗಳಾಗಿ ಉದುರುತ್ತದೆ, ಕತ್ತಿಯಂಥ ಚೂರುಗಳಾಗುವುದಿಲ್ಲ. ಟಫನ್ ಆದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಹಾಗಾಗಿ ಮೊದಲೇ ಸರಿಯಾದ ಅಳತೆ ಕೊಡಬೇಕು.

ಪುಟ್ಟಿ

ಅಂಗಡಿಗೆ ಹೋಗಿ ಪುಟ್ಟಿ ಕೊಡಿ ಅಂದರೆ ಗೋಡೆಗೆ ಹಚ್ಚುವ ಬಿಳಿ ಪುಟ್ಟಿಯ ಚೀಲ ಕೊಡುತ್ತಾರೆ. ಅದು ಬೇರೆ. ಅದರಲ್ಲಿರುವುದು ಸಿಮೆಂಟು. ಕಿಟಕಿಗೆ ಹಾಕಿದರೆ ಬಿರುಕು ಬಿಟ್ಟು ಮೊದಲ ಮಳೆಗೇ ಉದುರುತ್ತದೆ. ಗಾಜಿಗೆ ಬೇಕಾದ್ದು ಎಣ್ಣೆ ಪುಟ್ಟಿ. ಅದನ್ನು ಮನೆಯಲ್ಲೇ ಮಾಡುವುದು ತುಂಬಾ ಸುಲಭ.

ಬೇಕಾದ್ದು ಎರಡೇ ಸಾಮಾನು. ನುಣ್ಣನೆಯ ಚಾಕ್ ಪೌಡರ್, ಮತ್ತು ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಂತ ಮಾರುವ ಅಗಸೆ ಎಣ್ಣೆ. ಒಂದು ಕೆಜಿ ಪುಡಿಗೆ 180ರಿಂದ 200 ಗ್ರಾಂ ಎಣ್ಣೆ ಹಿಡಿಯುತ್ತದೆ. ಪುಡಿಯನ್ನು ಜರಡಿ ಹಿಡಿದು, ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಾದಬೇಕು. ಶುರುವಿನಲ್ಲಿ ಇದು ಕೂಡುವುದೇ ಇಲ್ಲ ಅನ್ನಿಸುತ್ತದೆ. ಎಣ್ಣೆ ಸುರಿಯುವ ಆಸೆಯಾಗುತ್ತದೆ, ಸುರಿಯಬೇಡಿ. ನಾದುತ್ತಾ ಹೋದರೆ ಕೈಯ ಬಿಸಿಗೆ ಒಂದಾಗುತ್ತದೆ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ಬೆರಳಿಗೆ ಅಂಟಿದರೆ ಚೂರು ಪುಡಿ, ಉಂಡೆ ಒತ್ತಿದಾಗ ಅಂಚು ಸೀಳಿದರೆ ನಾಲ್ಕು ಹನಿ ಎಣ್ಣೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ರಾತ್ರಿ ಇಟ್ಟು ಮತ್ತೆ ನಾದಿದರೆ ಇನ್ನೂ ಚೆನ್ನಾಗಿ ಹದಕ್ಕೆ ಬರುತ್ತದೆ.

ಕೈ ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ತಂತಿಯ ಮೇಲೆ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ. ಪಕ್ಕದಲ್ಲೇ ಅಡಿಕೆ ಸಿಪ್ಪೆ, ಸೋಗೆ ಇರುವ ಮನೆಗಳು ನಮ್ಮವು.

ಗಾಜು ಕೂರಿಸುವ ಮೊದಲು ರಿಬೇಟಿಗೆ ಅಗಸೆ ಎಣ್ಣೆ ಕುಡಿಸಿದೆ. ಒಣ ಮರ ಪುಟ್ಟಿಯಲ್ಲಿನ ಎಣ್ಣೆಯನ್ನು ಹೀರಿಬಿಡುತ್ತದೆ, ಆಗ ಪುಟ್ಟಿ ಬರೀ ಪುಡಿಯಾಗಿ ಬಿರುಕು ಬಿಡುತ್ತದೆ. ಎಣ್ಣೆ ಹಿಂಗಿದ ಮೇಲೆ ಆಯಿಲ್ ಪ್ರೈಮರ್ ಒಂದು ಕೋಟು. ಅದು ಒಣಗಿದ ಮೇಲೆ ರಿಬೇಟಿನ ಸುತ್ತ ಪುಟ್ಟಿಯ ಎಳೆ ಹಾಸಿದೆ. ಗಾಜನ್ನು ಅದರ ಮೇಲಿಟ್ಟು ಅಂಚುಗಳನ್ನೇ ಹಿಡಿದು ಒತ್ತಬೇಕು, ನಡುವೆ ಒತ್ತಿದರೆ ಒಡೆಯುತ್ತದೆ. ಹಿಂಬದಿಯಲ್ಲಿ ಪುಟ್ಟಿ ಹಿಂಡಿಕೊಂಡು ಹೊರಬರುತ್ತದೆ. ಗಾಜಿನ ಕೆಳಗೆ ಎಲ್ಲ ಕಡೆ 2 ಎಂಎಂ ಪುಟ್ಟಿ ಉಳಿಯಬೇಕು. ಈ ಹಾಸನ್ನು ಬಿಟ್ಟು ಗಾಜನ್ನು ನೇರ ಮರದ ಮೇಲಿಟ್ಟು ಹೊರಗೆ ಮಾತ್ರ ಪುಟ್ಟಿ ಬಳಿದ ಕಿಟಕಿಗಳು ಎಷ್ಟೋ. ಗಾಳಿಗೆ ಗಡಗಡ ಸದ್ದು ಮಾಡುವುದು ಅವೇ.

ಗಾಜು ಹಿಡಿದುಕೊಳ್ಳುವುದು ಪುಟ್ಟಿಯಲ್ಲ, ಸಣ್ಣ ಮೊಳೆಗಳು. ಪ್ರತಿ ಬದಿಗೆ ಎರಡರಂತೆ ಅರ್ಧ ಇಂಚಿನ ಮೊಳೆ. ಉಳಿಯನ್ನು ಗಾಜಿನ ಮೇಲೆ ಮಲಗಿಸಿ, ಅದರ ಪಕ್ಕೆಯಿಂದ ಜಾರಿಸುತ್ತಾ ಬಡಿದರೆ ಪೆಟ್ಟು ಗಾಜಿಗೆ ಬೀಳುವುದಿಲ್ಲ. ಹಿತ್ತಾಳೆ ಮೊಳೆ ಸಿಕ್ಕಿತು, ಅದನ್ನೇ ಹಾಕಿದೆ. ಕಬ್ಬಿಣದ್ದು ತುಕ್ಕು ಹಿಡಿದು ಉಬ್ಬಿ ಪುಟ್ಟಿಯನ್ನು ಎಬ್ಬಿಸುತ್ತದೆ.

ಆಮೇಲೆ ಹೊರಗಿನ ಪುಟ್ಟಿ. ಬೆರಳಿಂದ ಒತ್ತಿ ಒತ್ತಿ ತುಂಬಿ, ಬಾಗದ ಪುಟ್ಟಿ ಚೂರಿಯನ್ನು ಓರೆಗೆ ಹಿಡಿದು ಒಂದೇ ಎಳೆತದಲ್ಲಿ ಇಳಿಜಾರು ಮಾಡಬೇಕು. ಇಳಿಜಾರಿನ ಮೇಲಂಚು ಒಳಗಿನಿಂದ ನೋಡಿದಾಗ ಮರದ ಹಿಂದೆ ಮರೆಯಾಗಿರಬೇಕು, ಮೇಲೆ ಇಣುಕಬಾರದು. ಚೂರಿಗೆ ಪುಟ್ಟಿ ಹತ್ತಿ ಎಳೆದುಕೊಂಡು ಬಂದರೆ ಚೂರಿಯನ್ನು ಎಣ್ಣೆ ಬಟ್ಟೆಗೆ ಒರೆಸಿ. ಮೂಲೆಗಳಲ್ಲಿ ಎರಡೂ ಕಡೆಯಿಂದ ಎಳೆದು ಓರೆ ಗೆರೆಯಲ್ಲಿ ಸೇರಿಸಬೇಕು. ಮೊದಲ ಗಾಜಿಗೂ ಕೊನೆಯ ಗಾಜಿಗೂ ಕೈ ಎಷ್ಟು ಪಳಗುತ್ತದೆ ಅನ್ನುವುದು ಮೂಲೆಗಳಲ್ಲೇ ಕಾಣುತ್ತದೆ.

ಸಿಲಿಕೋನ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಮುಂದೆ ಗಾಜು ಬದಲಾಯಿಸುವಾಗ ಬಿಡಿಸುವುದೂ ಕಷ್ಟ, ಬಿಡಿಸಿದ ಮೇಲೂ ಮರದಲ್ಲಿ ಉಳಿಯುವ ಪಸೆಗೆ ಬೇರೇನೂ ಅಂಟುವುದಿಲ್ಲ. ಬಣ್ಣ ಬಳಿಯುವ ಮರದ ಕಿಟಕಿಗೆ ಎಣ್ಣೆ ಪುಟ್ಟಿಯೇ ಸರಿ.

ಜಯನಗರದ ಸ್ನೇಹಿತನೊಬ್ಬ ತನ್ನ ಮನೆಯ ಹಳೇ ಕಬ್ಬಿಣದ ಕಿಟಕಿಗೂ ಇದೇ ಪುಟ್ಟಿ ಆಗುತ್ತಾ ಅಂತ ಕೇಳಿದ. ಆಗುವುದಿಲ್ಲ. ಕಬ್ಬಿಣ ಎಣ್ಣೆ ಹೀರುವುದಿಲ್ಲ, ಹಾಗಾಗಿ ಈ ಪುಟ್ಟಿ ಅಲ್ಲಿ ಬಹಳ ದಿನ ಹಸಿಯಾಗೇ ಉಳಿಯುತ್ತದೆ. ಲೋಹದ ಕಿಟಕಿಗೆ ಬೇರೆಯೇ ಪುಟ್ಟಿ ಇದೆ. ಅಲ್ಲಿ ಗಾಜು ಸೀಳುವುದಕ್ಕೆ ಕಾರಣವೂ ಬೇರೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಗೊಳ್ಳುತ್ತದೆ, ರಿಬೇಟಿನೊಳಗೆ ಉಬ್ಬಿ ಗಾಜನ್ನು ಒತ್ತುತ್ತದೆ. ತುಕ್ಕು ಪೂರ್ತಿ ಕೆರೆದು, ತುಕ್ಕು ತಡೆಯುವ ಜಿಂಕ್ ಫಾಸ್ಫೇಟ್ ಪ್ರೈಮರ್ ಹೊಡೆಯದೆ ಹೊಸ ಗಾಜು ಹಾಕಿದರೆ ಅದೂ ಸೀಳುತ್ತದೆ ಅಂತ ಅವನಿಗೆ ಹೇಳಿದೆ.

ಬಣ್ಣ, ಹಿಂಜಸ್, ಚೌಕಟ್ಟು

ಪುಟ್ಟಿಯ ಮೇಲೆ ಕೂಡಲೇ ಬಣ್ಣ ಬಳಿಯಬಾರದು. ಮೇಲೆ ಕೆನೆ ಕಟ್ಟಲು ಒಂದರಿಂದ ಎರಡು ವಾರ ಬೇಕು. ಉಗುರು ತಾಗಿಸಿದರೆ ಗುರುತು ಬೀಳಬಾರದು, ಆಗ ಬಳಿಯಬಹುದು. ಈ ಕಾಯುವಿಕೆ ಸೇರಿಸಿಯೇ ಲೆಕ್ಕ ಹಾಕಿದ್ದರಿಂದ ಮಾರ್ಚ್ ಕೊನೆಗೆ ಪುಟ್ಟಿ ಮುಗಿಸಿದ್ದೆ.

ಬಣ್ಣದಲ್ಲಿ ಮುಖ್ಯವಾದದ್ದು ಒಂದೇ ವಿಷಯ. ಬಣ್ಣ ಪುಟ್ಟಿಯನ್ನು ದಾಟಿ ಗಾಜಿನ ಮೇಲೆ 2 ಎಂಎಂ ಹೋಗಬೇಕು. ಪುಟ್ಟಿ ಮತ್ತು ಗಾಜು ಸೇರುವ ಗೆರೆಯನ್ನು ಮುಚ್ಚುವುದು ಆ ಎರಡು ಎಂಎಂ. ಚೊಕ್ಕಟವಾಗಿ ಕಾಣಲಿ ಅಂತ ಪುಟ್ಟಿಯ ಅಂಚಿಗೇ ಟೇಪು ಅಂಟಿಸಿ ಬಳಿಯುವವರಿದ್ದಾರೆ. ಆಗ ಆ ಗೆರೆ ತೆರೆದೇ ಉಳಿಯುತ್ತದೆ, ನಮ್ಮ ಕಿಟಕಿಗಳಲ್ಲಿ ನೀರು ಇಳಿದದ್ದು ಅಲ್ಲಿಂದಲೇ. ಟೇಪನ್ನು ಪುಟ್ಟಿಯ ಅಂಚಿನಿಂದ 2 ಎಂಎಂ ಬಿಟ್ಟು ಗಾಜಿನ ಮೇಲೆ ಅಂಟಿಸಿ, ಬಣ್ಣ ಪೂರ್ತಿ ಒಣಗುವ ಮೊದಲೇ ಕೀಳಿ. ಪ್ರೈಮರ್ ಒಂದು, ಎನಾಮೆಲ್ ಎರಡು ಕೋಟು. ಬಾಗಿಲಿನ ಅಡಿಯ ಅಂಚಿಗೆ, ಕಣ್ಣಿಗೆ ಕಾಣದ ಆ ಮುಖಕ್ಕೆ, ಮೂರು ಕೋಟು.

ಹಿಂಜಸ್‌ನ ಸ್ಕ್ರೂ ತೂತುಗಳು ದೊಡ್ಡದಾಗಿದ್ದವು. ತೇಗದ ಕಡ್ಡಿಯನ್ನು ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಜೋತುಬಿದ್ದ ಬಾಗಿಲು ಅಷ್ಟಕ್ಕೇ ನೇರವಾಯಿತು, ಚಿಲಕ ಕೂತಿತು.

ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೇಸಿಗೆಯಲ್ಲಿ ಸುತ್ತ 3 ಎಂಎಂ ಬಿಟ್ಟೆ. ಮಳೆಗಾಲದಲ್ಲಿ ಬಾಗಿಲು ಹಿಡಿಯಿತು ಅಂತ ಜುಲೈನಲ್ಲಿ ತೋಪಡ ಹಾಕುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಮರ ಹಿಗ್ಗಿದಾಗ ಕೆತ್ತಿದ್ದು ಮಾರ್ಚ್‌ನಲ್ಲಿ ದೊಡ್ಡ ಸಂದಾಗುತ್ತದೆ, ಮುಂದಿನ ಮಳೆಗೆ ನೀರು ಅಲ್ಲಿಂದಲೇ. ಕೆತ್ತುವುದಿದ್ದರೆ ಬೇಸಿಗೆಯಲ್ಲಿ, ಕೆತ್ತಿದ ಜಾಗಕ್ಕೆ ಆ ದಿನವೇ ಎಣ್ಣೆ ಅಥವಾ ಪ್ರೈಮರ್.

ಗೋಡೆ ಜಂಬಿಟ್ಟಿಗೆಯದ್ದು, ಮೇಲೆ ಸುಣ್ಣದ ಗಾರೆ. ಚೌಕಟ್ಟು ಮತ್ತು ಗಾರೆಯ ನಡುವೆ ಬಿರುಕಿತ್ತು. ಅದನ್ನು ಸುಣ್ಣ ಮರಳಿನ ಗಾರೆಯಿಂದಲೇ ತುಂಬಿದೆ. ಸಿಮೆಂಟು ಬಳಿದರೆ ಅದು ಗಡುಸು, ಪಕ್ಕದ ಹಳೇ ಗಾರೆಯನ್ನು ಎಳೆದು ಮತ್ತೆ ಬಿರುಕು ಬಿಡುತ್ತದೆ, ಗೋಡೆಯ ತೇವ ಆರಲೂ ಬಿಡುವುದಿಲ್ಲ. ಕಿಟಕಿಯ ಹೊರಗಿನ ಕಟ್ಟೆ ಒಳಗಡೆಗೆ ವಾಲಿತ್ತು. ಅದನ್ನು ಕೆತ್ತಿ ಹೊರಕ್ಕೆ ಇಳಿಜಾರು ಮಾಡಿದೆ.

ಮಳೆ ಬಂದ ಮೇಲೆ

ಆರಿದ್ರಾ ಮಳೆ ಜೋರಾಗಿ ಹೊಡೆದ ದಿನಗಳಲ್ಲಿ ಪ್ರತಿ ಗಾಜಿನ ಕೆಳ ಅಂಚಿಗೂ ಒಳಗಿನಿಂದ ನ್ಯೂಸ್‌ಪೇಪರಿನ ಪಟ್ಟಿ ಸಿಕ್ಕಿಸಿ ಇಟ್ಟೆ. ಬೆಳಗ್ಗೆ ನೋಡಿದಾಗ ಗಾಜಿನ ಅಂಚಿನ ಪಟ್ಟಿಗಳೆಲ್ಲ ಒಣಗಿದ್ದವು. ಒದ್ದೆಯಾಗಿದ್ದು ಮೂರನೇ ಕಿಟಕಿಯಲ್ಲಿ, ಎರಡು ಬಾಗಿಲು ಸೇರುವ ನಡುವಿನ ಸಂದಿನ ಕೆಳಗೆ. ಗಾಳಿ ಅಲ್ಲಿ ನೀರನ್ನು ನೇರ ಒಳಗೆ ತಳ್ಳುತ್ತಿತ್ತು. ಹೊರಗಿನಿಂದ ಒಂದು ಇಂಚು ಅಗಲದ ತೆಳ್ಳನೆ ತೇಗದ ಪಟ್ಟಿಯನ್ನು ಒಂದು ಬಾಗಿಲಿಗೆ ಮಾತ್ರ ಬಡಿದು, ಅದು ಇನ್ನೊಂದರ ಮೇಲೆ ಮುಚ್ಚುವಂತೆ ಮಾಡಿದೆ. ಅಲ್ಲಿಗೆ ಅದೂ ನಿಂತಿತು.

ಇನ್ನು ಮುಂದೆ ಕಿಟಕಿಗೆ ವರ್ಷಕ್ಕೆ ಎರಡು ಸಲ ಗಮನ ಬೇಕು. ದೀಪಾವಳಿಯ ಹೊತ್ತಿಗೆ ಮಳೆ ಪೂರ್ತಿ ನಿಂತ ಮೇಲೆ ಗಾಜು ತೊಳೆದು, ಕೆಳಪಟ್ಟಿಗೆ ದಬ್ಬಣ ಚುಚ್ಚಿ ನೋಡುವುದು. ಮಾರ್ಚ್‌ನಲ್ಲಿ ಪುಟ್ಟಿಯ ಗೆರೆಯ ಮೇಲೆ ಉಗುರು ಎಳೆದು, ಬಿಟ್ಟ ಕಡೆ ಕೆರೆದು ಹೊಸ ಪುಟ್ಟಿ ತುಂಬಿ ಬಣ್ಣ ಮುಟ್ಟಿಸುವುದು. ಅಡಿಯ ಕಾಲುವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಅದನ್ನು ಕೆದಕಬೇಕು. ಮುಚ್ಚಿದ ಕಾಲುವೆಯಿಂದ ಏನೂ ಉಪಯೋಗವಿಲ್ಲ. ಬಿಸಿಲು ಬಿದ್ದ ದಿನ ಬಾಗಿಲುಗಳನ್ನು ಪೂರ್ತಿ ತೆರೆದಿಡಿ, ಮಳೆಗಾಲದ ನಡುವೆಯೂ.

ಅಡುಗೆಮನೆಯ ಕಿಟಕಿ ಈ ಸಲ ಆಗಲಿಲ್ಲ. ಅದರದ್ದು ಚೌಕಟ್ಟಿನ ಕೆಳಗಿನ ತೊಲೆಯೇ ಹೋಗಿದೆ, ಗೆದ್ದಲೂ ಹತ್ತಿದೆ. ಸರಳುಗಳು ಅದರಲ್ಲೇ ಕೂತಿರುವುದರಿಂದ ಅದನ್ನು ಬಿಚ್ಚುವುದು ಬೇರೆ ಥರದ ಕೆಲಸ. ಗೋಡೆಗೆ ಆನಿಕೆ ಕೊಡಬೇಕು. ಅದಕ್ಕೆ ಬೇಕಾದ ಹಲಸಿನ ತುಂಡನ್ನು ಕೊಯ್ಸಿ, ತುದಿಗಳಿಗೆ ಬಣ್ಣ ಬಳಿದು, ಅಟ್ಟದಲ್ಲಿ ಒಣಗಲು ಹಾಕಿದ್ದೇನೆ. ಅದು ಒಣಗಿದ ಮೇಲೆ ಮುಂದಿನ ಕೊಯ್ಲಿನ ನಂತರ ಆ ಕೆಲಸ.